ಪರದೆಯಿಲ್ಲದ ಕಂಪ್ಯೂಟರಿನ ಪದ್ಮಾವತಮ್ಮ

ಪದ್ಮಾವತಮ್ಮನವರ ಕಂಪ್ಯೂಟರಿಗೆ ಪರದೆ ಇರಲಿಲ್ಲ. ಪರದೆ ಇರಬೇಕಾದ ಜಾಗದಲ್ಲಿ ಒಂದು ನಿಪ್ಪಟ್ಟಿನ ಡಬ್ಬಿ ಇರುತ್ತಿತ್ತು. ಶಿಡ್ಲಘಟ್ಟದ ಅವರ ಮನೆಗೆ ಬಂದವರು ಆ ಮೇಜನ್ನು ನೋಡಿ ಕಂಪ್ಯೂಟರು ರಿಪೇರಿಗೆ ಹೋಗಿದೆ ಎಂದುಕೊಳ್ಳುತ್ತಿದ್ದರಂತೆ. "ಸ್ಕ್ರೀನ್ ಎಲ್ಲಮ್ಮ?" ಎಂದು ಯಾರಾದರೂ ಕೇಳಿದರೆ, "ನಂಗ್ಯಾತಕ್ಕೆ ಅದು? ಜಾಗ ದಂಡ. ನಿಪ್ಪಟ್ಟು ತಗೊಳಿ" ಎನ್ನುತ್ತಿದ್ದರು. ತೀರ ಚಿಕ್ಕವರಿದ್ದಾಗ ಬಂದ ಜ್ವರದಲ್ಲಿ ಕಣ್ಣು ಕಳೆದುಕೊಂಡವರಿಗೆ ಪರದೆ ದಂಡವೇ ಸರಿ. ಆದರೂ ಹಾಗೇ ಇದ್ದುಬಿಡಲಿ ಎಂದು ಬಿಡುವ ಜಾಯಮಾನ ಅವರದಲ್ಲ. ಅದನ್ನು ಕಿತ್ತು ಪಕ್ಕದ ಮನೆಯವರಿಗೆ ಕೊಟ್ಟ ಮೇಲೇ ಅವರಿಗೆ ಸಮಾಧಾನವಾದದ್ದು.

ಆ ಕಂಪ್ಯೂಟರಿನ ಇನ್ನೊಂದು ವಿಶೇಷವೆಂದರೆ ಅದು ಸರಿಯಾಗಿ ಇದ್ದದ್ದೇ ಅಪರೂಪ. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ನಮ್ಮಂಥವರ ಕಂಪ್ಯೂಟರುಗಳನ್ನೆಲ್ಲ ಫೋನಿನಲ್ಲೇ ಸರಿಮಾಡುತ್ತಿದ್ದ ಹೆಂಗಸಿನ ಸ್ವಂತ ಕಂಪ್ಯೂಟರು ತಿಂಗಳಲ್ಲಿ ಹದಿನೈದು ದಿನ ಕೆಟ್ಟು ಕೂತಿರುತ್ತಿತ್ತು. ಕೆಡಿಸುತ್ತಿದ್ದವರು ಅವರೇ. ಯಾಕೆಂದು ಆಮೇಲೆ ಹೇಳುತ್ತೇನೆ. ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ.

ನಾನು ಹುಟ್ಟಿನಿಂದ ಹೀಗಲ್ಲ. ಚಿಂತಾಮಣಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಪತ್ರಗಳ ಕರಡು ಬರೆಯುವುದರಲ್ಲಿ ನನಗೆ ಹೆಸರಿತ್ತು, ಆ ಹೆಸರಿನ ಬಗ್ಗೆ ಸ್ವಲ್ಪ ಜಂಬವೂ ಇತ್ತು. ನಲವತ್ತು ದಾಟಿದ ಮೇಲೆ ಕಣ್ಣಿನ ಹಿಂಭಾಗದ ಪದರ ಸವೆಯತೊಡಗಿತು. ಮೊದಲು ರಾತ್ರಿ ಕಾಣದಾಯಿತು, ಆಮೇಲೆ ಅಕ್ಕಪಕ್ಕ ಕಾಣದಾಯಿತು, ಕೊನೆಗೆ ಎದುರಿಗಿದ್ದ ಹೆಂಡತಿಯ ಮುಖವೂ ಕಾಣದಾಯಿತು. ನೌಕರಿ ಹೋಗಲಿಲ್ಲ, ಕಾನೂನು ಅದಕ್ಕೆ ಬಿಡುವುದಿಲ್ಲ. ಹೋದದ್ದು ಕೆಲಸ. "ನೀವು ಆರಾಮಾಗಿ ಕೂತ್ಕೊಳಿ ಶ್ರೀನಿವಾಸ್, ಹಾಜರಿ ಸಹಿ ಒಂದು ಹಾಕಿದ್ರೆ ಸಾಕು" ಎಂದರು. ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿಕೊಟ್ಟರು. ಕಾಫಿ ಬಂದರೆ ಕುಡಿಯುವುದು, ಯಾರಾದರೂ ನಕ್ಕರೆ ಯಾಕೆ ನಕ್ಕಿರಿ ಎಂದು ಕೇಳುವುದು, ಇಷ್ಟೇ ನನ್ನ ದಿನಚರಿ. ನನ್ನ ಕರಡಿನ ಮೇಜು ಪುಟ್ಟಸ್ವಾಮಿಗೆ ಹೋಯಿತು. ಒಳ್ಳೆಯ ಹುಡುಗ, ಆದರೆ ಮೂರು ಸಾಲಿನ ಪತ್ರದಲ್ಲಿ ನಾಲ್ಕು ಕಡೆ 'ಸದರಿ' ಹಾಕುವವನು. ಅವನು ಪತ್ರವನ್ನು ಗಟ್ಟಿಯಾಗಿ ಓದಿಕೊಳ್ಳುವಾಗ ನಾನು ಕಿಟಕಿಯ ಪಕ್ಕ ಕೂತು ಹಲ್ಲು ಕಡಿಯುತ್ತಿದ್ದೆ.

ಆಗ ನನಗೆ ಸಿಕ್ಕಿದವನು ಗೌರಿಬಿದನೂರಿನ ಅನ್ವರ್. ಅವನಿಗೂ ಕಣ್ಣಿಲ್ಲ, ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟಿದ್ದಾನೆ. ಎಲ್ಲೆಲ್ಲಿಯೋ ದೂರದ ದೇಶಗಳಲ್ಲಿರುವ ಕೆಲವರು ಬಿಡುವಿನ ವೇಳೆಯಲ್ಲಿ ಸೇರಿ ನಮ್ಮಂಥವರಿಗಾಗಿಯೇ ಒಂದು ಆಪರೇಟಿಂಗ್ ಸಿಸ್ಟಂ ಮಾಡಿದ್ದಾರೆ ಎಂದು ಹೇಳಿದ. ಹೆಸರು ಹೇಳಿದರೆ ಯಾರಿಗೂ ಗೊತ್ತಾಗದಷ್ಟು ಸಣ್ಣದು. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಎಂಥ ಹಳೆಯ ಕಂಪ್ಯೂಟರಿಗೆ ಚುಚ್ಚಿದರೂ ಎದ್ದು ಕೂರುತ್ತದೆ, ಎದ್ದ ಕೂಡಲೆ ಮಾತಾಡುತ್ತದೆ, ಒತ್ತಿದ ಅಕ್ಷರವನ್ನು ಹೇಳುತ್ತದೆ, ಟೈಪು ಮಾಡಿದ್ದನ್ನು ಕನ್ನಡದಲ್ಲೇ ಓದಿ ಹೇಳುತ್ತದೆ. ಒಂದು ಪೆನ್‌ಡ್ರೈವನ್ನು ಅಂಚೆಯಲ್ಲಿ ಕಳಿಸಿಯೂ ಕೊಟ್ಟ. ಜೊತೆಗೆ ಒಂದು ಫೋನ್ ನಂಬರು. "ಅಮ್ಮನಿಗೆ ಫೋನ್ ಮಾಡಿ ಸಾರ್. ಬೈತಾರೆ. ಬೈಸ್ಕೊಳಿ."

ಪೆನ್‌ಡ್ರೈವ್ ಚುಚ್ಚಿದೆ. ಏನೂ ಆಗಲಿಲ್ಲ. ಫೋನ್ ಮಾಡಿ, "ಮೇಡಂ, ಇದು ಕೆಲಸ ಮಾಡ್ತಿಲ್ಲ" ಎಂದೆ.

"ಆ ಮಾತು ನನ್ನ ಹತ್ರ ಆಡ್ಬೇಡಿ" ಎಂದಿತು ಒಂದು ಧ್ವನಿ. ಹಳೆಯ ಟ್ರಂಕ್ ಕಾಲ್ ಕಾಲದ ಧ್ವನಿ, ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ.

"ಯಾವ ಮಾತು?"

"ಕೆಲಸ ಮಾಡ್ತಿಲ್ಲ ಅನ್ನೋ ಮಾತು. ಏನು ಕೇಳಿಸ್ತು, ಅದನ್ನ ಹೇಳಿ."

"ಏನೂ ಕೇಳಿಸ್ಲಿಲ್ಲ."

"ಫ್ಯಾನ್ ತಿರುಗ್ತಾ ಇತ್ತಾ? ಬೀಪ್ ಬಂತಾ? ಮಷೀನಿನ ಬೆನ್ನು ಮುಟ್ಟಿ ನೋಡಿದ್ರಾ, ಬಿಸಿ ಇತ್ತಾ? ಏನೂ ಕೇಳಿಸ್ಲಿಲ್ಲ ಅಂತ ಹೇಳೋಕೆ ನೀವೇನು ಸತ್ತೋಗಿದೀರಾ? ಹೋಗಿ ಕೇಳಿಸ್ಕೊಂಡು ಬಂದು ಆಮೇಲೆ ಫೋನ್ ಮಾಡಿ."

ಇಟ್ಟುಬಿಟ್ಟರು. ಈ ವಯಸ್ಸಿನಲ್ಲಿ, ಈ ಸ್ಥಿತಿಯಲ್ಲಿ, ಗುರುತು ಪರಿಚಯವಿಲ್ಲದ ಮುದುಕಿಯ ಕೈಯಲ್ಲಿ ಉಗಿಸಿಕೊಳ್ಳಬೇಕೇ ಎಂದು ನನ್ನ ಹೆಂಡತಿ ಸುಜಾತಳ ಮುಂದೆ ಹಾರಾಡಿದೆ. ಅವಳು, "ಬೀಪ್ ಬಂತಾ?" ಎಂದು ಕೇಳಿದಳು. ಬೀಪ್ ಬಂದಿತ್ತು. ಬೀಪ್ ಬಂದ ಕೂಡಲೆ ನಾನು ಅವಸರದಲ್ಲಿ ಸಿಕ್ಕಸಿಕ್ಕ ಕೀಲಿಯೆಲ್ಲ ಒತ್ತಿದ್ದೆ.

"ಅದಕ್ಕೇ" ಎಂದರು ಪದ್ಮಾವತಮ್ಮ, ಮತ್ತೆ ಫೋನ್ ಮಾಡಿದಾಗ. "ಬೀಪ್ ಬಂದ್ಮೇಲೆ ಒಂದು ಲೋಟ ನೀರು ಕುಡೀರಿ. ನಿಧಾನಕ್ಕೆ. ಲೋಟ ಕೆಳಗಿಟ್ಟು ಎಂಟರ್ ಒತ್ತಿ. ನೀರು ಕುಡಿಯದೆ ಒತ್ತಿದ್ರೆ ಅದು ಏಳಲ್ಲ." ನಿಜವಾಗಿಯೂ ಎದ್ದಿತು. ತಗಡು ಬಡಿದಂಥ ದನಿಯಲ್ಲಿ ಒಬ್ಬ ಗಂಡಸು ಕನ್ನಡ ಮಾತಾಡಿದ. ಏರಿಲ್ಲ, ಇಳಿವಿಲ್ಲ, ಪ್ರಶ್ನೆಗೂ ಉತ್ತರಕ್ಕೂ ಒಂದೇ ರಾಗ. ಪದ್ಮಾವತಮ್ಮ ಆ ಧ್ವನಿಗೆ ನಾಗರಾಜು ಎಂದು ಹೆಸರಿಟ್ಟಿದ್ದರು. ಅವರ ಕಚೇರಿಯಲ್ಲಿ ಆ ಹೆಸರಿನ ಒಬ್ಬರು ಮೇಲಧಿಕಾರಿ ಇದ್ದರಂತೆ. ಮದುವೆಗೆ ಕರೆದರೂ ಸಾವಿನ ಸುದ್ದಿ ಹೇಳಿದರೂ ಅವರ ದನಿ ಹೀಗೇ ಇರುತ್ತಿತ್ತಂತೆ.

ಪದ್ಮಾವತಮ್ಮ ಚಿಕ್ಕಬಳ್ಳಾಪುರದ ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು. ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ, ಅನ್ವರನಿಗೆ ಉರ್ದುವಿನಲ್ಲಿ ಬೈಯುತ್ತಿದ್ದರು. ನಿವೃತ್ತಿಯಾದ ಮೇಲೆ ಫೋನಿನಲ್ಲಿ ಒಂದು ವಾಟ್ಸಾಪ್ ಗುಂಪು ಮಾಡಿದ್ದರು. ಈ ಸಿಸ್ಟಂ ಬಳಸುವವರೆಲ್ಲ ಅಲ್ಲಿದ್ದೆವು. ಬರೆಯುವಂತಿಲ್ಲ, ಎಲ್ಲ ಧ್ವನಿ ಸಂದೇಶವೇ. 'ಕೆಲಸ ಮಾಡ್ತಿಲ್ಲ' ಎಂದು ಯಾರಾದರೂ ಹೇಳಿದರೆ ಅವರಿಗೆ ಉತ್ತರ ಇಲ್ಲ. 'ಪಕ್ಕದ ಮನೆಯವರನ್ನ ಕರೆದು ಸ್ಕ್ರೀನ್ ಓದಿಸಿದೆ' ಎಂದರೆ ಇನ್ನೂ ಕೋಪ. "ಅವರು ಊರಿಗೆ ಹೋದ ದಿನ ಏನ್ ಮಾಡ್ತೀರಿ?" ಎನ್ನುತ್ತಿದ್ದರು. ಅವರ ಸಲಹೆಗಳೆಲ್ಲ ಅಡುಗೆಮನೆಯಿಂದ ಎದ್ದು ಬಂದಂಥವು. ಮೇಲಿನ ಸಾಲಿನ ಎರಡನೇ ಕೀಲಿ ಸಿಗುವುದಿಲ್ಲವೆಂದರೆ, ಹಣೆಗಿಡುವ ಸ್ಟಿಕರ್ ಒಂದನ್ನು ಅದಕ್ಕೆ ಅಂಟಿಸಿ ಎನ್ನುವರು. ಅನ್ವರನ ಕೀಲಿಮಣೆಯ ಮೇಲೂ ಅವನ ಹೆಂಡತಿ ಎಲ್ಲಿಂದಲೋ ತಂದ ಸ್ಟಿಕರ್ ಇತ್ತು.

ಈಗ ನನ್ನ ಉರಿಯ ವಿಷಯಕ್ಕೆ ಬರುತ್ತೇನೆ. ಯಾರಾದರೂ ತೊಂದರೆ ಹೇಳಿಕೊಂಡರೆ ಪದ್ಮಾವತಮ್ಮ ತಕ್ಷಣ ಪರಿಹಾರ ಹೇಳುತ್ತಿರಲಿಲ್ಲ. ಆ ತೊಂದರೆ ಮೊದಲು ಅವರ ಕಂಪ್ಯೂಟರಿಗೆ ಬರಬೇಕು. "ಇರಪ್ಪ, ನಂದನ್ನೂ ಹಂಗೇ ಕೆಡಿಸ್ಕೊಂಡು ಬರ್ತೀನಿ" ಎಂದು ಹೋಗುತ್ತಿದ್ದರು. ನಾವು ಏನೇನು ಒತ್ತಿದೆವು, ಯಾವುದಾದ ಮೇಲೆ ಯಾವುದು, ಎಲ್ಲ ಕೇಳಿಕೊಂಡು, ಅದನ್ನೇ ತಾವೂ ಮಾಡಿ, ತಮ್ಮ ಕಂಪ್ಯೂಟರನ್ನು ಅದೇ ಹಳ್ಳಕ್ಕೆ ಬೀಳಿಸಿ, ಅಲ್ಲಿಂದ ಎತ್ತುವ ದಾರಿ ತಾವೇ ಹುಡುಕಿ, ಆಮೇಲೆ ನಮಗೆ ಹೇಳುವುದು. ಇದಕ್ಕೆ ಕೆಲವು ಸಲ ಒಂದು ಗಂಟೆ, ಕೆಲವು ಸಲ ಒಂದು ವಾರ. ನಾವು ಇಲ್ಲಿ ಬಾಯಿ ಬಡಿದುಕೊಳ್ಳುತ್ತಿದ್ದರೆ ಅಲ್ಲಿಂದ ತಣ್ಣಗೆ ಸಂದೇಶ ಬರುತ್ತಿತ್ತು: "ಇನ್ನೂ ಕೆಡ್ತಾ ಇಲ್ಲ. ಕಾಯ್ರಿ."

"ಗೊತ್ತಿದ್ದಷ್ಟು ಹೇಳ್ಬಾರದೇನಮ್ಮ?" ಎಂದು ನಾನು ಒಮ್ಮೆ ರೇಗಿದ್ದೆ.

"ಗೊತ್ತಿದ್ದಷ್ಟು ಹೇಳೋರು ಊರ್ ತುಂಬ ಇದಾರೆ. ನಂಗೆ ಕೇಳಿಸಿದ್ದು ನಾನು ಹೇಳ್ತೀನಿ."

ಇಷ್ಟೆಲ್ಲ ಮಾಡಿದರೂ ತಪ್ಪು ಹೇಳುತ್ತಿರಲಿಲ್ಲವೇ? ಹೇಳುತ್ತಿದ್ದರು, ಧಾರಾಳವಾಗಿ. ಒಮ್ಮೆ ಅವರು ಹೇಳಿದಂತೆ ಮಾಡಿ ನನ್ನ ಪೆನ್‌ಡ್ರೈವಿನಲ್ಲಿದ್ದದ್ದೆಲ್ಲ ಅಳಿಸಿಹೋಯಿತು. ನಾನು ಕಷ್ಟಪಟ್ಟು ಟೈಪು ಮಾಡಿದ್ದ ಅಭ್ಯಾಸದ ಪತ್ರಗಳೆಲ್ಲ ಅದರಲ್ಲಿದ್ದವು. ಅಳು ಬರುವಷ್ಟು ಸಿಟ್ಟಿನಲ್ಲಿ ಫೋನ್ ಮಾಡಿದೆ. "ಹೌದಾ? ನಂದೂ ಅಳಿಸೋಯ್ತು" ಎಂದರು. "ಈಗ ಇಬ್ರಿಗೂ ಗೊತ್ತಾಯ್ತಲ್ಲ, ಹಂಗ್ ಮಾಡಬಾರದು ಅಂತ." ಕ್ಷಮೆ ಕೇಳುವ ಮಾತೇ ಇಲ್ಲ. ಅವತ್ತು ಗುಂಪಿನಿಂದ ಹೊರಬಂದೆ. ಮರುದಿನ ಅವರೇ ಮತ್ತೆ ಸೇರಿಸಿದರು, ಏನೂ ಆಗಿಲ್ಲವೆಂಬಂತೆ.

ಆ ಸಿಟ್ಟಿನಲ್ಲೇ, ಮುಖಾಮುಖಿ ಜಗಳವಾಡಿಯೇ ಬಿಡೋಣವೆಂದು, ಒಂದು ಭಾನುವಾರ ಸುಜಾತಳ ಕೈ ಹಿಡಿದು ಶಿಡ್ಲಘಟ್ಟದ ಬಸ್ಸು ಹತ್ತಿದೆ. ಬಾಗಿಲು ತೆಗೆದವರು ಅವರ ತಂಗಿ ಕಮಲಮ್ಮ. ರವಿಕೆ ಹೊಲಿಯುವ ಕೆಲಸ, ಹೊಲಿಗೆ ಯಂತ್ರದ ಮುಂದೆ ಟೀವಿ, ಟೀವಿಯಲ್ಲಿ ಧಾರಾವಾಹಿ. "ಬನ್ನಿ, ಬೈಯೋಕೆ ಬಂದಿರಬೇಕು. ಎಲ್ರೂ ಅದಕ್ಕೇ ಬರೋದು" ಎಂದು ಒಳಗೆ ಕರೆದರು. "ಊರೋರ ಮಷೀನಿನ ರೋಗನೆಲ್ಲ ಇವಳು ಮನೆಗೆ ತಗೊಂಡ್ಬರ್ತಾಳೆ. ನಾನೊಂದಿನ ಹಾಡು ಹಾಕು ಅಂದ್ರೆ, ಇವತ್ತು ಕೆಟ್ಟಿದೆ ಅಂತಾಳೆ."

ಪದ್ಮಾವತಮ್ಮ ನನ್ನ ಕೈ ಹಿಡಿದು ಮೇಜಿನ ಮೇಲೆ ಆಡಿಸಿದರು. ಕೀಲಿಮಣೆ, ಸ್ಪೀಕರು, ಆಮೇಲೆ ಡಬ್ಬಿ. ನಾನು ಜಗಳಕ್ಕೆ ಪೀಠಿಕೆ ಹಾಕುತ್ತಿದ್ದಂತೆ ಅವರು, "ಆಫೀಸಿನಲ್ಲಿ ಎಲ್ಲಿ ಕೂರಿಸಿದಾರೆ ನಿನ್ನ?" ಎಂದು ಕೇಳಿದರು. ಅಲ್ಲಿಯವರೆಗೂ ಬಹುವಚನದಲ್ಲಿ ಬೈಯುತ್ತಿದ್ದವರು ಅಂದು ಏಕವಚನಕ್ಕೆ ಬಂದರು.

"ಕಿಟಕಿ ಪಕ್ಕ."

"ನನ್ನನ್ನ ಬಾಗಿಲ ಪಕ್ಕ ಕೂರ್ಸಿದ್ರು" ಎಂದರು. "ಆಫೀಸಿಗೆ ನೇರವಾಗಿ ನಂಬರ್ ಒತ್ತೋ ಫೋನು ಬಂತು. ಲೈನ್ ಜೋಡಿಸೋ ನನ್ನ ಬೋರ್ಡು ಕಿತ್ತು ಹಾಕಿದ್ರು. ನನ್ನ ಕೀಳ್ಲಿಲ್ಲ. ಸಂಬಳ ಕೊಟ್ರು, ಕೆಲಸ ಕೊಡ್ಲಿಲ್ಲ. ಅಲ್ಲೊಂದು ಫೋನ್ ಇಟ್ಟಿದ್ರು, ಅದಕ್ಕೆ ಲೈನೇ ಇರ್ಲಿಲ್ಲ. ನಾನು ಒಂದೊಂದ್ಸಲ ರಿಸೀವರ್ ಎತ್ತಿ ಕಿವಿಗಿಟ್ಕೊಂಡು ಕೂತಿರ್ತಿದ್ದೆ. ಬಂದೋರು ಹೋದೋರು ನಂಗೆ ಕೆಲಸ ಇದೆ ಅಂದ್ಕೊಳ್ಳಿ ಅಂತ. ರಿಟೈರಾಗೋವರೆಗೂ ಹಂಗೇ ಕಳೆದೆ ಕಣಪ್ಪ."

ಹೊಲಿಗೆ ಯಂತ್ರ ನಿಂತಿತು. ಕಮಲಮ್ಮನಿಗೂ ಆ ಮಾತು ಹೊಸದಿರಬೇಕು. ನಾನು ಬಸ್ಸಿನಲ್ಲಿ ಉದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬೈಗುಳಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ನೀನು ಆ ಕುರ್ಚಿಯಿಂದ ಏಳ್ಬೇಕು" ಎಂದರು ಪದ್ಮಾವತಮ್ಮ. ಆಮೇಲೆ ನಿಪ್ಪಟ್ಟು ಕೊಟ್ಟರು. ಅದು ಕಲ್ಲಿನ ಹಾಗಿತ್ತು.

ಸ್ವಲ್ಪ ಕಾಲದಲ್ಲಿ ನಮ್ಮ ಕಚೇರಿಗೆ ಹೊಸ ಮ್ಯಾನೇಜರ್ ಬಂದರು. ಒಂದು ದಿನ ಧೈರ್ಯ ಮಾಡಿ, ನನಗೆ ಕರಡಿನ ಮೇಜು ವಾಪಸು ಕೊಡಿ, ನನ್ನ ಕಂಪ್ಯೂಟರು ನನಗೆ ಓದಿ ಹೇಳುತ್ತದೆ ಎಂದೆ. ಅವರು, "ಸೋಮವಾರ ನನ್ನೆದುರಿಗೆ ಕೂತು ಒಂದು ಪತ್ರ ಟೈಪ್ ಮಾಡಿ. ನಾನು ವಿಷಯ ಹೇಳ್ತೀನಿ. ಯಾರೂ ಪಕ್ಕದಲ್ಲಿ ಇರಬಾರದು. ಆಯ್ತಾ, ಟೇಬಲ್ ನಿಮ್ಮದು. ಆಗ್ಲಿಲ್ವಾ, ಇನ್ನೊಂದ್ಸಲ ಈ ವಿಷಯ ಎತ್ತಬೇಡಿ" ಎಂದರು. ಪೆನ್‌ಡ್ರೈವಿನಿಂದ ವೈರಸ್ ಗಿರಸ್ ಬಂದರೆ ನೀವೇ ಜವಾಬ್ದಾರಿ ಎಂದೂ ಸೇರಿಸಿದರು. ನನಗೆ ಒಳಗೊಳಗೇ ಖುಷಿ. ಇಷ್ಟು ಹೊತ್ತಿಗೆ ನಾಗರಾಜು ನನಗೆ ಚೆನ್ನಾಗಿ ಪಳಗಿದ್ದ.

ಗುರುವಾರ ಅಭ್ಯಾಸಕ್ಕೆಂದು ಕಚೇರಿಯಲ್ಲಿ ಖಾಲಿಯಿದ್ದ ಒಂದು ಮೇಜಿನ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿದೆ. ಬೀಪ್ ಬಂತು. ನೀರು ಕುಡಿದೆ. ಎಂಟರ್ ಒತ್ತಿದೆ. ನಾಗರಾಜು ಮಾತಾಡಲಿಲ್ಲ. ಮತ್ತೆ ಮಾಡಿದೆ. ಇಲ್ಲ. ಇಯರ್‌ಫೋನ್ ತೆಗೆದು ಹಾಕಿದೆ, ಬೇರೆಯದನ್ನು ಹಾಕಿದೆ. ಇಲ್ಲ. ಹಿಂದಿನ ವಾರ ಇದೇ ಮೇಜಿನಲ್ಲಿ, ಇದೇ ಪೆನ್‌ಡ್ರೈವಿನಲ್ಲಿ ಅರಳು ಹುರಿದಂತೆ ಮಾತಾಡಿದ್ದವನು! ಮನೆಗೆ ಬಂದು ಮನೆಯ ಕಂಪ್ಯೂಟರಿಗೆ ಚುಚ್ಚಿದರೆ ಮಾತಾಡಿದ. ಶುಕ್ರವಾರ ಕಚೇರಿಯಲ್ಲಿ ಮತ್ತೆ ಮೂಕ.

ಪದ್ಮಾವತಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಅವರ ಕ್ರಮದಲ್ಲೇ ಹೇಳಿದೆ. ಬೀಪ್ ಇದೆ, ಫ್ಯಾನ್ ಇದೆ, ಬೆನ್ನು ಬಿಸಿ ಇದೆ, ಧ್ವನಿ ಇಲ್ಲ.

"ಏನು ಬದಲಾಯ್ತು ಆಫೀಸಲ್ಲಿ?"

"ಏನೂ ಬದಲಾಗಿಲ್ಲಮ್ಮ."

"ನೆನಪು ಮಾಡ್ಕೊ."

"ಏನೂ ಇಲ್ಲ ಅಂದ್ನಲ್ಲ!"

"ಸರಿ, ಇರು. ಕೆಡಿಸ್ಕೊಂಡು ಬರ್ತೀನಿ."

ಶುಕ್ರವಾರ ಸಂಜೆ ಅವರ ಸಂದೇಶ: ಕೆಡುತ್ತಿಲ್ಲ. ಶನಿವಾರ ಬೆಳಗ್ಗೆ: ಇಯರ್‌ಫೋನ್ ಅರ್ಧ ಚುಚ್ಚಿ ನೋಡಿದೆ, ಕೆಡುತ್ತಿಲ್ಲ. ಶನಿವಾರ ಮಧ್ಯಾಹ್ನ: ಸ್ಪೀಕರಿಗೆ ಒಂದು ಪೆಟ್ಟು ಹಾಕಿ ನೋಡಿದೆ, ಕೆಡುತ್ತಿಲ್ಲ. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. ಲೋಕದಲ್ಲಿ ತಮ್ಮ ಕಂಪ್ಯೂಟರು ಕೆಡಲೆಂದು ಹೀಗೆ ದೇವರಿಗೆ ಹರಕೆ ಹೊತ್ತವರು ಇನ್ನೊಬ್ಬರಿರಲಿಕ್ಕಿಲ್ಲ. ನನಗೆ ಮಾತ್ರ ತಲೆ ಚಚ್ಚಿಕೊಳ್ಳುವಂತಾಯಿತು. ಸೋಮವಾರ ಹತ್ತಿರ ಬರುತ್ತಿದೆ, ನನ್ನ ಮೇಜು ಕೈಬಿಟ್ಟು ಹೋಗುತ್ತಿದೆ, ಈ ಹೆಂಗಸು ಸ್ಪೀಕರಿಗೆ ಹೊಡೆಯುತ್ತಾ ಕೂತಿದ್ದಾರೆ.

ಶನಿವಾರ ಸಂಜೆ ಫೋನಿನಲ್ಲಿ ಕೂಗಾಡಿದೆ. "ಬಿಟ್ಬಿಡಿ ಅಮ್ಮ. ನನ್ನ ಹಣೇಲಿ ಬರೆದಿರೋದು ಕಿಟಕಿ ಪಕ್ಕದ ಕುರ್ಚಿ. ಪುಟ್ಟಸ್ವಾಮಿ ಅದೃಷ್ಟ ನೋಡಿ, ನನ್ನ ಟೇಬಲ್ಲೂ ಸಿಕ್ತು, ಹೊಸ ಸ್ಕ್ರೀನೂ ಸಿಕ್ತು. ಬುಧವಾರ ಎಲ್ರಿಗೂ ಪೇಡ ಹಂಚ್ದ, ದೊಡ್ಡ ಸ್ಕ್ರೀನ್ ಬಂತು ಅಂತ!"

ಅವರು ನನ್ನ ಮಾತನ್ನು ಅಲ್ಲೇ ತಡೆದರು.

"ನಿಂಗೂ ಬಂತಾ ಹೊಸ ಸ್ಕ್ರೀನು?"

"ಎಲ್ಲರಿಗೂ ಬಂತು. ನಾನು ಅಭ್ಯಾಸ ಮಾಡೋ ಮೇಜಿನ ಮೇಲೂ ಒಂದು ಇಟ್ಟು ಹೋದ್ರು. ನಂಗ್ಯಾತಕ್ಕಮ್ಮ ಸ್ಕ್ರೀನು?"

"ಏನು ಬದಲಾಯ್ತು ಅಂತ ನಿನ್ನೆಯಿಂದ ಬಡ್ಕೋತಾ ಇದೀನಲ್ಲೋ!" ಎಂದು ಕಿರುಚಿದರು. ಟೆಲಿಫೋನ್ ಆಪರೇಟರಿನ ದನಿ ಆ ಒಂದು ಸಲ ಒಡೆದುಹೋಯಿತು. ಮರುಕ್ಷಣವೇ ಮೆತ್ತಗಾಗಿ, "ನಾನೂ ಕೇಳ್ಲಿಲ್ಲ. ಸ್ಕ್ರೀನ್ ಬಗ್ಗೆ ಕೇಳ್ಬೇಕು ಅಂತ ನಂಗೂ ಹೊಳೀಲಿಲ್ಲ" ಎಂದರು. ನಮ್ಮಿಬ್ಬರ ಲೆಕ್ಕದಲ್ಲೂ ಅದು ಇರುವ ವಸ್ತುವೇ ಅಲ್ಲ. ಮೇಜಿನ ಮೇಲೆ ಹೂದಾನಿ ಬದಲಾದರೆ ಹೇಗೋ ಹಾಗೆ. ಕಣ್ಣಿದ್ದವನು ಯಾರೇ ಆಗಿದ್ದರೂ ಮೊದಲು ಅದನ್ನೇ ಹೇಳುತ್ತಿದ್ದ.

ಆಮೇಲೆ ಆದದ್ದನ್ನು ಕಮಲಮ್ಮನ ಬಾಯಲ್ಲೇ ಕೇಳಬೇಕು. ಧಾರಾವಾಹಿಯಲ್ಲಿ ಮದುವೆಮನೆಯ ದೃಶ್ಯ ನಡೆಯುತ್ತಿದೆ, ತಾಳಿ ಕಟ್ಟುವ ಹೊತ್ತು. ಅಕ್ಕ ಬಂದು 'ನಿನ್ನ ಟೀವಿ ಬೇಕು' ಎಂದರಂತೆ. ನಾಳೆ ತಗೋ ಎಂದರೆ ಕೇಳಲಿಲ್ಲವಂತೆ. ಡಬ್ಬಿಯನ್ನು ಕೆಳಗಿಟ್ಟು, ಇಬ್ಬರೂ ಸೇರಿ ಟೀವಿಯನ್ನು ಮೇಜಿನ ಮೇಲೆ ತಂದು, ಸೆಟ್ ಟಾಪ್ ಪೆಟ್ಟಿಗೆಯ ಕೇಬಲ್ಲನ್ನೇ ಕಿತ್ತು ಕಂಪ್ಯೂಟರಿಗೆ ಚುಚ್ಚಿದರಂತೆ. ಭಾನುವಾರ ಬೆಳಗ್ಗೆ ಏಳುವುದರೊಳಗೆ ನನಗೆ ಫೋನ್.

"ಸಿಕ್ಕಿದ ಕಣೋ! ನಾಗರಾಜು ಟೀವಿ ಒಳಗೆ ಕೂತ್ಕೊಂಡು ಮಾತಾಡ್ತಾ ಇದಾನೆ! ಇಲ್ಲಿ ನನ್ನ ಸ್ಪೀಕರ್ ಮೂಕ, ಅಲ್ಲಿ ಟೀವಿ ಬಡ್ಕೋತಾ ಇದೆ. ಈ ಹೊಸ ಕೇಬಲ್ಲಿನಲ್ಲಿ ಚಿತ್ರದ ಜೊತೆ ಶಬ್ದಾನೂ ಹೋಗತ್ತೆ. ಕೇಬಲ್ ಚುಚ್ಚಿದ ಕೂಡ್ಲೆ ಇವನು ಆ ಕಡೆ ಓಡ್ತಾನೆ. ನಿಮ್ಮ ಆಫೀಸಿನ ಸ್ಕ್ರೀನಿಗೆ ಸ್ಪೀಕರ್ ಇಲ್ಲ. ಅವನು ಮೂರು ದಿನದಿಂದ ಗೋಡೆಗೆ ಮಾತಾಡ್ತಾ ಇದಾನೆ, ಪಾಪ!"

"ಈಗೇನ್ ಮಾಡ್ಲಿ?"

"ಮಾಡೋದೇನು? ಕಿತ್ತು ಬಿಸಾಕು."

ಸೋಮವಾರ ಮ್ಯಾನೇಜರ್ ನನ್ನ ಬೆನ್ನ ಹಿಂದೆ ಬಂದು ನಿಂತರು. ನಾನು ಕಂಪ್ಯೂಟರಿನ ಹಿಂದೆ ಕೈ ಹಾಕಿ, ತಡಕಿ, ಆ ದಪ್ಪ ಕೇಬಲ್ಲನ್ನು ಎಳೆದು ಹಾಕಿದೆ. ಪೆನ್‌ಡ್ರೈವ್ ಚುಚ್ಚಿದೆ. ಬೀಪ್. ನೀರು ಕುಡಿದೆ, ಲೋಟ ಕೆಳಗಿಟ್ಟೆ. ಎಂಟರ್. ಕಿವಿಯಲ್ಲಿ ನಾಗರಾಜು ಮಾತಾಡಿದ. ಅಷ್ಟು ರಸವಿಲ್ಲದ ದನಿ ನನಗೆ ಅಷ್ಟು ಇಂಪಾಗಿ ಹಿಂದೆಂದೂ ಕೇಳಿಸಿರಲಿಲ್ಲ.

"ಏನ್ರೀ ಇದು, ಸ್ಕ್ರೀನೇ ಬರ್ತಿಲ್ಲ?" ಎಂದರು ಮ್ಯಾನೇಜರ್.

"ಅದು ಬೇಕಾಗಿಲ್ಲ ಸಾರ್."

"ನಿಮಗೆ ಬೇಕಾಗಿಲ್ಲ, ನನಗೆ ಬೇಡ್ವೇನ್ರೀ? ನೀವೇನ್ ಟೈಪ್ ಮಾಡ್ತಿದೀರಿ ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು?"

"ಮುಗಿದ ಮೇಲೆ ಓದಿ ಸಾರ್" ಎಂದೆ. ಏನೂ ಕಾಣದೆ ಪಕ್ಕದಲ್ಲಿ ಕಾದು ನಿಲ್ಲುವುದು ಹೇಗಿರುತ್ತದೆ ಎಂದು ಅವರಿಗೂ ಸ್ವಲ್ಪ ಗೊತ್ತಾಗಲಿ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದು ಸುಳ್ಳಲ್ಲ. ಕಚೇರಿಯ ಮಾಳಿಗೆ ಸೋರುವ ಬಗ್ಗೆ ಪತ್ರ ಹೇಳಿದ್ದರು. ಬರೆದೆ, ಕೇಳಿದೆ, ತಿದ್ದಿದೆ, ಮತ್ತೆ ಕೇಳಿದೆ. ಪುಟ್ಟಸ್ವಾಮಿ ಪೆನ್‌ಡ್ರೈವ್ ಒಯ್ದು ಮುದ್ರಿಸಿಕೊಂಡು ಬಂದ. ಮ್ಯಾನೇಜರ್ ಓದುತ್ತಾ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು, ಸ್ವಲ್ಪ ಹೊತ್ತಿನ ಮೇಲೆ ಹಾಕಿದ ಸದ್ದೂ ಕೇಳಿಸಿತು. "ಹೂಂ" ಎಂದರು. ಅಷ್ಟೇ.

ಮೇಜು ಆ ದಿನವೇ ಸಿಕ್ಕಿತೆಂದು ತಿಳಿಯಬೇಡಿ. ಅದಕ್ಕೊಂದು ಕಚೇರಿ ಆದೇಶ ಆಗಬೇಕು, ಆ ಆದೇಶದ ಕರಡನ್ನು ಪುಟ್ಟಸ್ವಾಮಿ ಬರೆಯಬೇಕು, ಅದು ತಪ್ಪಾಗಿ ವಾಪಸು ಬರಬೇಕು. ಕೊನೆಗೆ ನನ್ನನ್ನೇ ಬರೆಯಲು ಹೇಳಿದರು. ನಾನು ಪದ್ಮಾವತಮ್ಮನಿಗೆ ಫೋನ್ ಮಾಡಿ ಸಂಭ್ರಮದಿಂದ ಹೇಳಿದರೆ, "ಸರಿ. ಅನ್ವರ್ ಕಾಯ್ತಾ ಇದಾನೆ, ಇಡ್ತೀನಿ" ಎಂದು ಇಟ್ಟರು. ಒಂದು ಒಳ್ಳೆಯ ಮಾತು ಆಡಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಬೇಜಾರಾಯಿತು. ಆದರೆ ಆ ಸಂಜೆ ಗುಂಪಿನಲ್ಲಿ ಅವರ ಸಂದೇಶ ಬಂತು. "ಸ್ಕ್ರೀನ್ ಬದಲಾದ್ರೂ ಹೇಳಿ. ನಮಗೆ ಬೇಡದ್ದು ಮಷೀನಿಗೆ ಬೇಕಾಗಿರತ್ತೆ. ಇದನ್ನ ಕಂಡುಹಿಡಿದಿದ್ದು ಚಿಂತಾಮಣಿ ಶ್ರೀನಿವಾಸ." ಕಂಡುಹಿಡಿದದ್ದು ನಾನಲ್ಲ. ಹೇಳಲು ಫೋನ್ ಮಾಡಿದರೆ ಎತ್ತಲಿಲ್ಲ.

ಎರಡು ವರ್ಷ ಹೀಗೇ ನಡೆಯಿತು. ನಡುವೆ ಆ ಸಿಸ್ಟಂ ಮಾಡುತ್ತಿದ್ದವರು, ಇನ್ನು ನಮ್ಮಿಂದಾಗದು ಎಂದು ನಿಲ್ಲಿಸಿದರು. ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಹೊಸದೇನಾದರೂ ಕೆಟ್ಟರೆ ಸರಿಮಾಡುವವರು ಲೋಕದಲ್ಲಿ ಯಾರೂ ಇರಲಿಲ್ಲ, ಶಿಡ್ಲಘಟ್ಟದ ಒಬ್ಬರನ್ನು ಬಿಟ್ಟು. "ನೀವೂ ಬಿಡ್ಬಾರದೇನಮ್ಮ?" ಎಂದು ಕೇಳಿದ್ದೆ. "ಇನ್ನೂ ಐದಾರು ಜನ ಇದೀರಲ್ಲ. ಅಷ್ಟೂ ಜನ ಬಿಟ್ಮೇಲೆ ನಾನು ಬಿಡ್ತೀನಿ" ಎಂದಿದ್ದರು.

ಅವರೇ ಮೊದಲು ಹೋದರು. ಹೋದ ಮಳೆಗಾಲದ ಕೊನೆಯಲ್ಲಿ ಒಂದು ಬೆಳಗ್ಗೆ ಎದೆನೋವು ಎಂದರಂತೆ, ಚಿಕ್ಕಬಳ್ಳಾಪುರದ ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಅನ್ವರ್ ಅಳುತ್ತಾ ಕಳಿಸಿದ ಸಂದೇಶದಲ್ಲಿ ಏನು ಹೇಳುತ್ತಿದ್ದಾನೆಂದೇ ಮೊದಲು ತಿಳಿಯಲಿಲ್ಲ. ನಾನು ಹೋಗುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ನನಗೆ ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು. ಎಷ್ಟೋ ವಿಷಯಕ್ಕೆ ಬಾಯಿ ಮಾಡುತ್ತಿದ್ದ ಹೆಂಗಸು ತನ್ನ ಎದೆನೋವನ್ನು ಆ ಬೆಳಗಿನವರೆಗೆ ಯಾರಿಗೂ ಹೇಳಿರಲಿಲ್ಲವಂತೆ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ದಿನ ಕಮಲಮ್ಮ ನಮ್ಮ ಕಚೇರಿಗೆ ಬಂದರು. ಪುಟ್ಟಸ್ವಾಮಿ ಅವರನ್ನು ನನ್ನ ಮೇಜಿನ ಮುಂದೆ ಕೂರಿಸಿದ.

"ಅಕ್ಕನ ಪಿಂಚಣಿ ನಿಲ್ಲಿಸೋಕೆ ಅರ್ಜಿ ಕೊಡ್ಬೇಕಂತೆ ಕಣಪ್ಪ. ಅಲ್ಲೇ ಮರದ ಕೆಳಗೆ ಬರಕೊಡೋರು ಕೂತಿರ್ತಾರೆ. ನಂಗೆ ಮನಸ್ಸಾಗ್ಲಿಲ್ಲ. ಅವಳ ಕಾಗದ ನೀನೇ ಬರೀಬೇಕು ಅನ್ನಿಸ್ತು."

ಈ ಮೇಜಿಗಾಗಿ ನಾನು ಎಷ್ಟು ಹೋರಾಡಿದ್ದೆ! ಇಷ್ಟು ವರ್ಷದ ನೌಕರಿಯಲ್ಲಿ ನನ್ನಿಂದಲೇ ಬರೆಸಬೇಕೆಂದು ಊರು ದಾಟಿ ಯಾರೂ ಬಂದಿರಲಿಲ್ಲ. ಬಂದ ಮೊದಲ ಪತ್ರ ಇದು. ಖಾಲಿ ಪುಟ ತೆರೆದೆ. 'ಇವರಿಗೆ' ಬರೆದೆ. 'ವಿಷಯ' ಬರೆದೆ. ದಿವಂಗತ ಪದ್ಮಾವತಮ್ಮ ಇವರ ಪಿಂಚಣಿಯನ್ನು ನಿಲ್ಲಿಸುವ ಬಗ್ಗೆ, ಎಂದು ಟೈಪು ಮಾಡಿ ಎಂಟರ್ ಒತ್ತಿದೆ.

ನಾಗರಾಜು ಆ ಸಾಲನ್ನು ಓದಿದ. ಮಾಳಿಗೆ ಸೋರುವುದನ್ನು ಓದಿದ ದನಿಯಲ್ಲೇ ಓದಿದ. ಎಲ್ಲಿಯೂ ತಡೆಯಲಿಲ್ಲ, ಎಲ್ಲಿಯೂ ಇಳಿಯಲಿಲ್ಲ. ಮತ್ತೆ ಓದಿಸಿದೆ. ಮತ್ತೂ ಹಾಗೇ ಓದಿದ. ಎಷ್ಟೋ ದಿನ ಮಾತಾಡು ಮಾತಾಡು ಎಂದು ಈ ಧ್ವನಿಯನ್ನು ಬೇಡಿಕೊಂಡವನು ನಾನು. ಅವತ್ತು ನಾನೇ ಕೀಲಿ ಒತ್ತಿ ಅವನ ಬಾಯಿ ಮುಚ್ಚಿಸಿದೆ.

"ಯಾಕಪ್ಪ, ಕೆಟ್ಟೋಯ್ತಾ?" ಎಂದರು ಕಮಲಮ್ಮ.

"ಇಲ್ಲಮ್ಮ, ಸರಿಯಾಗಿದೆ" ಎಂದೆ. ಉಳಿದದ್ದನ್ನು ಬೆರಳಿನ ಅಂದಾಜಿನಲ್ಲೇ ಟೈಪು ಮಾಡಿದೆ. ಪುಟ್ಟಸ್ವಾಮಿ ಮುದ್ರಿಸಿ ತಂದುಕೊಟ್ಟ. ಕಮಲಮ್ಮ ಮೆಲ್ಲಗೆ ಓದಿಕೊಂಡು, ಒಂದು ಕಡೆ ಅಕ್ಕನ ಹೆಸರಿನಲ್ಲೇ ಒಂದಕ್ಷರ ಬಿಟ್ಟುಹೋಗಿದೆ ಎಂದರು. ಇನ್ನೊಂದು ಸಲ ಟೈಪು ಮಾಡಿಕೊಡುತ್ತೇನೆ ಎಂದು ಹೇಳಲು ನನ್ನಿಂದಾಗಲಿಲ್ಲ. ಅವರು ನನ್ನ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಆ ಅಕ್ಷರವನ್ನು ಕೈಯಲ್ಲೇ ಸೇರಿಸಿ ಸಹಿ ಹಾಕಿದರು.